ಮಗಳು ವಾಪಸ್ ಬಂದರೆ ಮಂದಿ ಏನಂತಾರೆ?

ಪ್ರಶ್ನೆ: ಮಗಳು ಎಚ್‌-4 ವೀಸಾ ಮೇಲೆ ಅಮೆರಿಕದಲ್ಲಿದ್ದಾಳೆ. ಅಳಿಯ ಹೊಡೆಯುತ್ತಾನೆ. ಮನೆ ಬಿಟ್ಟರೆ ವೀಸಾ ಹೋಗುತ್ತೆ ಅಂತ ಹೆದರಿಸುತ್ತಾನಂತೆ. ಕರೆಸಿಕೊಳ್ಳೋಣ ಅಂದರೆ ಸಣ್ಣ ಮಗಳ ಮದುವೆ ಇನ್ನೂ ಆಗಬೇಕು. ಏನು ಮಾಡಲಿ?
— ಒಬ್ಬ ತಾಯಿ, ಧಾರವಾಡ

ಅಕ್ಕಾರೆ, ಮೊದಲು ವೀಸಾ ಮಾತು. ಎಚ್‌-4 ಅಂದರೆ ಗಂಡನ ಕೆಲಸದ ವೀಸಾ ಆಧಾರದ ಮೇಲೆ ಹೆಂಡತಿಗೆ ಸಿಗುವ ವೀಸಾ. ಬೇರೆ ಕಡೆ ಹೋಗಿ ಉಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅದು ಮುಗಿಯುವುದು ಡಿವೋರ್ಸ್ ಆದಾಗ, ಇಲ್ಲವೇ ಗಂಡನ ವೀಸಾನೇ ಹೋದಾಗ. ಹಾಗಾಗಿ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಅವಳು ಅಲ್ಲಿನ ಇಮಿಗ್ರೇಶನ್ ವಕೀಲರನ್ನು ಕಾಣಲಿ. ಹಿಂಸೆಗೆ ಒಳಗಾದ ಎಚ್‌-4 ಹೆಂಡತಿ ಕೆಲಸದ ಪರ್ಮಿಟ್‌ಗೆ ತಾನೇ ಅರ್ಜಿ ಹಾಕಬಹುದು. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ನೆರವಾದರೆ, ಅಪರಾಧಕ್ಕೆ ತುತ್ತಾದವರಿಗೆ ಕೊಡುವ ಯು ವೀಸಾ ಕೇಳಬಹುದು. ಆದರೆ ಅದು ವರ್ಷಕ್ಕೆ 10,000 ಮಂದಿಗಷ್ಟೇ, ವರ್ಷಗಟ್ಟಲೆ ಕಾಯಬೇಕು.

ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ‘ಮಾನವಿ’, ಕ್ಯಾಲಿಫೋರ್ನಿಯಾದ ‘ಮೈತ್ರಿ’ ಭಾರತವೂ ಸೇರಿದ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಂಸ್ಥೆಗಳು. ಅಮೆರಿಕದ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233. ಗಂಡ ಅವಳ ಫೋನ್ ನೋಡುತ್ತಿದ್ದರೆ ಬೇರೆಯವರ ಫೋನಿಂದ ಮಾಡಲಿ. ಜೀವಕ್ಕೆ ಅಪಾಯ ಅನ್ನಿಸಿದರೆ 911.

ಮಗು ಇದೆಯಾ? ಇದ್ದರೆ ‘ಕೂಸು ಎತ್ತಿಕೊಂಡು ವಿಮಾನ ಹತ್ತಿಬಿಡು’ ಅನ್ನಬೇಡಿ. ಅಪ್ಪನ ಒಪ್ಪಿಗೆ ಇಲ್ಲದೆ ಮಗುವನ್ನು ದೇಶದ ಹೊರಗೆ ತಂದರೆ ಅವಳ ಮೇಲೆಯೇ ಕೇಸ್ ಬೀಳಬಹುದು.

ಇನ್ನು ಮಂದಿ ಮಾತು. ನಮ್ಮಲ್ಲಿ ‘ಸೋಡಚೀಟಿ’ (ಡಿವೋರ್ಸ್) ಅನ್ನುವಾಗ ಹಿರಿಯರ ದನಿ ಈಗಲೂ ತಗ್ಗುತ್ತದೆ. ಅಲ್ಲಿಯೂ ಅಷ್ಟೇ. ಅವಳಿಗೆ ಪರಿಚಯ ಇರುವವರೆಲ್ಲ ಗಂಡನ ಆಫೀಸಿನವರು, ಅವನ ಗೆಳೆಯರ ಹೆಂಡತಿಯರು. ಹಬ್ಬದ ಊಟದಲ್ಲಿ ಅವರ ಮುಂದೆ ನಗುತ್ತಾ ಕೂರಬೇಕು. ಅವಳ ಪಾಲಿಗೆ ತನ್ನವರು ಅಂತ ಉಳಿದಿರುವುದು ನಿಮ್ಮ ಫೋನ್ ಒಂದೇ. ಅದರಲ್ಲೂ ‘ಸ್ವಲ್ಪ ಹೊಂದ್ಕೊಂಡು ಹೋಗವ್ವ’ ಅಂತ ಕೇಳಿಸಿದರೆ ಮುಂದಿನ ಸಲ ಅವಳು ಹೇಳುವುದೇ ಇಲ್ಲ. ‘ಬಾರವ್ವ, ತವರು ಐತಿ’ ಅನ್ನಿ. ಬರುವುದೋ ಅಲ್ಲೇ ಹೋರಾಡುವುದೋ, ಅವಳೇ ತೀರ್ಮಾನಿಸಲಿ.

ಸಣ್ಣ ಮಗಳ ಬಗ್ಗೆ ನನಗನ್ನಿಸುವುದು ಇಷ್ಟು. ಅಕ್ಕ ಹೊಡೆತ ತಾಳದೆ ತವರಿಗೆ ಬಂದಳು ಅಂತ ಸಂಬಂಧ ಬಿಡುವ ಮನೆ, ನಾಳೆ ಇವಳಿಗೆ ಕಷ್ಟ ಬಂದರೆ ಇವಳ ಪರ ನಿಲ್ಲುತ್ತದೆಯೇ? ಅಂಥ ಮನೆ ಈಗಲೇ ತಪ್ಪಿದರೆ ಒಳ್ಳೆಯದಲ್ವಾ?

ದೊಡ್ಡ ಮಗಳು ಬಂದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಧಾರವಾಡದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಸಾಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ವಕೀಲರನ್ನು ಉಚಿತವಾಗಿ ಕೊಡುತ್ತದೆ, ಆದಾಯ ಎಷ್ಟಿದ್ದರೂ. ಅಳಿಯ ಅಲ್ಲೇ ಡಿವೋರ್ಸ್ ತೆಗೆದುಕೊಂಡರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ವಿದೇಶಿ ಕೋರ್ಟಿನ ಪ್ರತಿ ತೀರ್ಪೂ ಇಲ್ಲಿ ನಡೆಯಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದರೂ ಅಲ್ಲಿಂದ ನೋಟಿಸ್ ಬಂದರೆ ಸುಮ್ನೆ ಪಕ್ಕಕ್ಕಿಡದೆ ಅವತ್ತೇ ವಕೀಲರಿಗೆ ತೋರಿಸಿ.