ಟ್ರಿಗರ್ ಗಾರ್ಡ್‌ನ ಸ್ಕ್ರೂ ಪದೇ ಪದೇ ಸಡಿಲವಾಗುವುದೇಕೆ?

ರೈಫಲ್‌ನ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತಲಿನ ಲೋಹದ ಬಳೆ, ಅಲ್ಲಾಡುತ್ತಿದೆ ಎಂದರೆ ಸಿಗುವ ಸಲಹೆ ಒಂದೇ: ‘ಇನ್ನೊಂಚೂರು ಬಿಗಿ ಮಾಡು’. ಮಾಡುತ್ತಾರೆ. ಒಂದಷ್ಟು ಗುಂಡು ಹಾರಿಸುವಷ್ಟರಲ್ಲಿ ಮತ್ತೆ ಸಡಿಲ. ಮುಂದಿನ ಸಲ ಹಲ್ಲು ಕಚ್ಚಿ ತಿರುಗಿಸುತ್ತಾರೆ. ಆಗ ಸ್ಕ್ರೂವಿನ ತಲೆ ಹಾಳಾಗುತ್ತದೆ, ಸಮಸ್ಯೆ ಮಾತ್ರ ಇದ್ದಲ್ಲೇ ಇರುತ್ತದೆ.

ಸ್ಕ್ರೂ ಹಿಡಿದುಕೊಳ್ಳುವುದು ಎಳೆತದಿಂದ. ಬಿಗಿ ಮಾಡಿದಾಗ ಉಕ್ಕು ನಿಜಕ್ಕೂ ಉದ್ದಕ್ಕೆ ಹಿಗ್ಗುತ್ತದೆ. ಮತ್ತೆ ಕುಗ್ಗಲು ನೋಡುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಕೈಯಿಂದ ಹಾಕಿದ ಬಲದಲ್ಲಿ ಎಳೆತವಾಗಿ ಉಳಿಯುವುದು ಸುಮಾರು ಹತ್ತರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ಥ್ರೆಡ್‌ನ (ಸ್ಕ್ರೂ ಮೈಮೇಲಿನ ಸುರುಳಿ ಏಣಿನ) ಘರ್ಷಣೆಗೆ ಖರ್ಚಾಗುತ್ತದೆ. ಥ್ರೆಡ್‌ಗೆ ಎಣ್ಣೆ ತಾಗಿದ್ದರೆ ಅಷ್ಟೇ ಬಲಕ್ಕೆ ಎಳೆತ ಜಾಸ್ತಿಯಾಗುವುದು ಇದಕ್ಕೇ.

ಈಗ ಲೆಕ್ಕ ನೋಡಿ. 25 ಮಿಲಿಮೀಟರ್ ಉದ್ದದ ಸ್ಕ್ರೂವನ್ನು ಚೆನ್ನಾಗಿ ಬಿಗಿದರೂ ಅದು ಹಿಗ್ಗುವುದು 0.04 ಮಿಲಿಮೀಟರ್ ಆಸುಪಾಸು. ಹಳೆ ಮಾದರಿ ರೈಫಲ್‌ಗಳಲ್ಲಿ ಈ ಸ್ಕ್ರೂ ಹಾದುಹೋಗುವುದು ಸ್ಟಾಕ್ ಮೂಲಕ, ಅಂದರೆ ಬಂದೂಕಿನ ಲೋಹದ ಭಾಗಗಳನ್ನು ಹೊತ್ತ ಮರದ ಹಿಡಿಯ ಮೂಲಕ. ಮರದೊಳಗಿನ ತೇವ ಶೇಕಡ 1ರಷ್ಟು ಇಳಿದರೂ, ಅಷ್ಟೇ ದಪ್ಪದ ವಾಲ್‌ನಟ್ ಮರ ಅಡ್ಡಲಾಗಿ ಹೆಚ್ಚುಕಡಿಮೆ 0.05 ಮಿಲಿಮೀಟರ್ ಕುಗ್ಗುತ್ತದೆ. ಒತ್ತಿದ ಮರ ಸ್ವಲ್ಪ ಪುಟಿಯುತ್ತದೆ, ನಿಜ. ಆದರೂ ಎಳೆತದ ದೊಡ್ಡ ಪಾಲು ಹೋಗಿಬಿಡಬಹುದು. ಸ್ಕ್ರೂ ಒಂದು ಕೂದಲಷ್ಟೂ ತಿರುಗಿಲ್ಲ, ಆದರೂ ಸಡಿಲ! ಇಂಥ ಕಡೆ ಬಲ ಹಾಕಿದಷ್ಟೂ ಮರದ ನಾರು ಜಜ್ಜಿಹೋಗುತ್ತದೆ. ಸ್ಟಾಕ್‌ನೊಳಗೆ ಲೋಹದ ಕೊಳವೆ ಕೂರಿಸಿ, ಒತ್ತಡವೆಲ್ಲ ಅದರ ಮೇಲೆ ಬೀಳುವಂತೆ ಮಾಡುವುದೇ ಇದಕ್ಕೆ ಸರಿಯಾದ ಮದ್ದು.

ಸ್ಕ್ರೂ ನಿಜವಾಗಿ ತಿರುಗಿ ಬಿಚ್ಚಿಕೊಳ್ಳುವ ಕಥೆ ಬೇರೆ. ನನಗೆ ತುಂಬಾ ಇಷ್ಟವಾದದ್ದೂ ಇದೇ. ಕಂಪನದಿಂದ ಸ್ಕ್ರೂ ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲರೂ ಸುಮ್ನೆ ಹೇಳಿಬಿಡುತ್ತಾರೆ, ಯಾವ ದಿಕ್ಕಿನ ಕಂಪನ ಎಂದು ಕೇಳುವುದಿಲ್ಲ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದ್ದು ಅದನ್ನೇ. ಸ್ಕ್ರೂವಿನ ಉದ್ದಕ್ಕೆ ಅಲುಗಾಡಿಸಿದರೆ ಅಂಥ ಹಾನಿ ಇಲ್ಲ. ಅಡ್ಡಡ್ಡ ಜಾರಿಸಿದರೆ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಬಾಟಲಿಯ ಬಿರಡೆಯನ್ನು ನೆಟ್ಟಗೆ ಎಳೆದರೆ ಜಗ್ಗುವುದಿಲ್ಲ, ತಿರುಚುತ್ತಾ ಎಳೆದರೆ ಸಲೀಸಾಗಿ ಬರುತ್ತದೆ, ಅಲ್ವಾ? ಘರ್ಷಣೆ ಒಂದು ದಿಕ್ಕಿನಲ್ಲಿ ಸೋತ ಕ್ಷಣ ಇನ್ನೊಂದು ದಿಕ್ಕಿನಲ್ಲೂ ತಡೆಯಲಾರದು. ಸ್ಕ್ರೂ ಅಡ್ಡ ಜಾರಿದ ಆ ಗಳಿಗೆಯಲ್ಲಿ, ಥ್ರೆಡ್‌ನ ಇಳಿಜಾರು ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಸ್ಪ್ರಿಂಗ್ ವಾಷರ್ ಹಾಕಿದರೂ ಇದು ನಿಲ್ಲುವುದಿಲ್ಲ.

ಬಂದೂಕು ಒದೆಯುವುದನ್ನು ತಡೆದುಕೊಳ್ಳಬೇಕಾದದ್ದು ರಿಕಾಯ್ಲ್ ಲಗ್, ಅಂದರೆ ಬಂದೂಕಿನ ಲೋಹದ ಭಾಗದಿಂದ ಕೆಳಕ್ಕೆ ಚಾಚಿ ಸ್ಟಾಕ್‌ಗೆ ಆನಿಕೊಂಡಿರುವ ಗಟ್ಟಿ ಲೋಹದ ತುಂಡು. ಅದರ ಹಿಂದೆ ಚೂರು ಸಂದು ಉಳಿದರೂ ಲೋಹ ಮರದ ಮೇಲೆ ಜಾರುತ್ತದೆ. ಅಡ್ಡ ಏಟು ಸ್ಕ್ರೂವಿಗೆ ಬೀಳುತ್ತದೆ. ಯುಂಕರ್ ಹೇಳಿದ ಪರಿಸ್ಥಿತಿ ಇದೇ.

ಬಂದೂಕಿಗೂ ಸ್ಕ್ರೂವಿಗೂ ಹಳೆಯ ನಂಟು. 1841ರಲ್ಲಿ ಥ್ರೆಡ್‌ಗೆ 55 ಡಿಗ್ರಿ ಕೋನದ ಏಕರೂಪ ಅಳತೆ ಸೂಚಿಸಿದ ಜೋಸೆಫ್ ವಿಟ್‌ವರ್ತ್ ರೈಫಲ್ ಕೂಡ ಮಾಡಿದ. 1860ರಲ್ಲಿ ವಿಂಬಲ್ಡನ್‌ನ ಗುರಿ ಸ್ಪರ್ಧೆ ಶುರು ಮಾಡಲು ವಿಕ್ಟೋರಿಯಾ ರಾಣಿ 400 ಗಜದಿಂದ ಮೊದಲ ಗುಂಡು ಹಾರಿಸಿದ್ದು ಅದರಿಂದಲೇ. 1898ರ ಮೌಸರ್ ರೈಫಲ್‌ನಲ್ಲಿ ಟ್ರಿಗರ್ ಗಾರ್ಡ್‌ನ ಎರಡು ದೊಡ್ಡ ಸ್ಕ್ರೂಗಳ ಪಕ್ಕ ಪುಟ್ಟ ಸ್ಕ್ರೂಗಳನ್ನು ಇಟ್ಟರು. ದೊಡ್ಡದರ ಅಂಚಿನ ಕಚ್ಚಿನಲ್ಲಿ ಪುಟ್ಟದು ಕೂರುತ್ತದೆ, ತಿರುಗಲು ಬಿಡುವುದಿಲ್ಲ. ಜಾಣ ಕೆಲಸ! 1953ರಲ್ಲಿ ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್, ಗಾಳಿ ಸಿಗದ ಕಡೆ, ಲೋಹದ ನಡುವೆ ಮಾತ್ರ ಗಟ್ಟಿಯಾಗುವ ಅಂಟು ತಯಾರಿಸಿದರು. ಅದೇ ಲಾಕ್‌ಟೈಟ್. ಥ್ರೆಡ್‌ನ ಸಂದು ತುಂಬಿ ಅಡ್ಡ ಜಾರುವುದನ್ನೇ ಅದು ತಡೆಯುತ್ತದೆ. ಎಣ್ಣೆ ಒರೆಸದೆ ಹಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ. ಬಂದೂಕಿನ ಸಣ್ಣ ಸ್ಕ್ರೂಗೆ ಕಡಿಮೆ ಬಲದ ಬಗೆ ಸಾಕು. ಹೆಚ್ಚು ಬಲದ ಕೆಂಪು ಬಗೆ ಹಾಕಿದರೆ ಬಿಚ್ಚಲು ಕಾಯಿಸಬೇಕು, ಮರದ ಪಕ್ಕದಲ್ಲಿ ಅದು ಬೇಡವೇ ಬೇಡ.

ನಿಮ್ಮ ಸ್ಕ್ರೂವಿನ ಕಾಯಿಲೆ ಯಾವುದು ಎಂದು ತಿಳಿಯುವುದು ಸುಲಭ. ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇರುವುದನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಳ್ಳಿ. ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್‌ನಿಂದ, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಆಮೇಲೆ ಸ್ಕ್ರೂ ತಲೆಯಿಂದ ಗಾರ್ಡ್‌ವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯಿರಿ. ಮುಂದೆ ಸಡಿಲವಾದಾಗ ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ: ರಿಕಾಯ್ಲ್ ಲಗ್ ನೋಡಿಸಿ, ಅಂಟು ಹಚ್ಚಿ. ಗೆರೆ ನೆಟ್ಟಗೇ ಇದ್ದರೆ ಕುಗ್ಗಿರುವುದು ಮರ, ಅಂಟಿನಿಂದ ಏನೂ ಆಗುವುದಿಲ್ಲ.