ಕಾಲೇಜು ಬದಲಿಸುವ ಆಟಗಾರ: ಯಾವ ಅಂಕಿ ಅವನ ಜೊತೆ ಬರುತ್ತದೆ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸೀಸನ್ ಮುಗಿದ ಮೇಲೆ ಯಾರಿಗೂ ಬಿಡುವಿಲ್ಲ. ಏಪ್ರಿಲ್ ಬಂತೆಂದರೆ ಟ್ರಾನ್ಸ್‌ಫರ್ ಪೋರ್ಟಲ್‌ನ ಗಲಾಟೆ. ಪೋರ್ಟಲ್ ಅಂದರೆ ಒಂದು ಆನ್‌ಲೈನ್ ಪಟ್ಟಿ, ಅಷ್ಟೇ. ಅದರಲ್ಲಿ ಹೆಸರು ಬಂದರೆ ಬೇರೆ ಕಾಲೇಜಿನ ಕೋಚ್‌ಗಳು ಆ ಹುಡುಗನ ಜೊತೆ ಮಾತಾಡಬಹುದು. ಪುರುಷರ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ 360ಕ್ಕೂ ಹೆಚ್ಚು ತಂಡಗಳಿವೆ. ಇತ್ತೀಚೆಗೆ ವರ್ಷಕ್ಕೆ 2,000ಕ್ಕೂ ಜಾಸ್ತಿ ಹುಡುಗರು ಈ ಪಟ್ಟಿಗೆ ಬರುತ್ತಿದ್ದಾರೆ. ತಂಡಕ್ಕೆ ಸರಾಸರಿ ಐದಾರು ಮಂದಿ ಆಯಿತು.

ಇವರಲ್ಲಿ ಯಾರನ್ನು ಕರೆಯಬಹುದು, ಯಾರನ್ನು ಬಿಡಬಹುದು ಎಂದು ಕೋಚ್‌ಗಳಿಗೆ ವರದಿ ಬರೆಯುವುದು ನನ್ನ ಕೆಲಸ. ವಿಡಿಯೊ ನೋಡಬೇಕು, ಅಂಕಿ ಬಿಡಿಸಬೇಕು, ನಾಲ್ಕು ಕಡೆ ಫೋನ್ ಮಾಡಬೇಕು. ಊರಿನ ಗೆಳೆಯರಿಗೆ ಇದನ್ನು ಹೇಳಿದರೆ, "ಇಪ್ಪತ್ತು ಪಾಯಿಂಟ್ ಹೊಡೆಯೋನನ್ನ ತಗೊಂಡ್ರೆ ಆಯ್ತಲ್ವಾ, ಅದರಲ್ಲಿ ನೋಡೋದೇನು?" ಅಂತ ಕೇಳುತ್ತಾರೆ. ಆ ಇಪ್ಪತ್ತರಲ್ಲಿ ಹುಡುಗನ ಪಾಲೆಷ್ಟು, ಅವನಿದ್ದ ಕಾಲೇಜಿನ ಪಾಲೆಷ್ಟು ಎಂದು ಬೇರ್ಪಡಿಸುವುದರಲ್ಲೇ ನನ್ನ ಏಪ್ರಿಲ್ ಕಳೆಯುತ್ತದೆ. ಅವನು ಬ್ಯಾಗ್ ತುಂಬಿಕೊಂಡು ಹೊರಟಾಗ ಅವನ ಪಾಲು ಮಾತ್ರ ಜೊತೆಗೆ ಬರುತ್ತದೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರ್‌ನಲ್ಲಿ. ಮೊದಲೆಲ್ಲ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಪಂದ್ಯ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ಸಡಿಲಾಯಿತು. 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಎಂದಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡ್ಡು ಮಾಡಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಅವರಿಗೆ ಹಣ ಕೊಡಬಹುದು. ಆಯ್ಕೆ ತಪ್ಪಿದರೆ ಹಿಂದೆ ಒಂದು ಸ್ಕಾಲರ್‌ಶಿಪ್ ವ್ಯರ್ಥವಾಗುತ್ತಿತ್ತು. ಈಗ ದೊಡ್ಡ ಮೊತ್ತವೇ ಹೋಗುತ್ತದೆ.

ಮ್ಯಾಕ್ಸ್ ಆಬ್ಮಸ್ ಅವರಿಂದ ಶುರು ಮಾಡೋಣ. ಓಕ್ಲಹೋಮಾದ ಓರಲ್ ರಾಬರ್ಟ್ಸ್ ಎಂಬ ಚಿಕ್ಕ ಕಾಲೇಜಿನಲ್ಲಿ 2020-21ರ ಸೀಸನ್‌ನಲ್ಲಿ ಪಂದ್ಯಕ್ಕೆ 24.5 ಪಾಯಿಂಟ್ ಹೊಡೆದು ದೇಶಕ್ಕೇ ಮೊದಲಿಗರಾಗಿದ್ದರು. ಕೊನೆಯ ವರ್ಷಕ್ಕೆ ಟೆಕ್ಸಸ್‌ಗೆ ಹೋದಾಗ ಸರಾಸರಿ 16.8ಕ್ಕೆ ಇಳಿಯಿತು. ಆಟ ಕೆಟ್ಟಿತು ಅಂತ ಇದನ್ನು ಓದಬಾರದು. ಎದುರಾಳಿಗಳು ದೊಡ್ಡವರಾದರು, ಚೆಂಡು ಹಂಚಿಕೊಳ್ಳುವವರು ಜಾಸ್ತಿಯಾದರು. ದೊಡ್ಡ ಕಾನ್ಫರೆನ್ಸ್‌ಗೆ (ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಗುಂಪಿಗೆ) ಬಂದ ಮೊದಲ ವರ್ಷ ಇಷ್ಟು ಇಳಿದರೆ ನಾನು ಅದನ್ನು ಯಶಸ್ಸು ಅಂತಲೇ ಬರೆಯುತ್ತೇನೆ.

ಟ್ರಿಸ್ಟನ್ ನ್ಯೂಟನ್ ಇನ್ನೂ ಒಳ್ಳೆಯ ಉದಾಹರಣೆ. ಈಸ್ಟ್ ಕ್ಯಾರೊಲೈನಾದಲ್ಲಿ 17.7 ಪಾಯಿಂಟ್ ಇದ್ದ ಅವರು 2022ರಲ್ಲಿ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಸೇರಿದ ವರ್ಷ 10ರ ಹತ್ತಿರಕ್ಕೆ ಬಂದರು. ಪೇಪರಿನಲ್ಲಿ ಅಂಕಿ ಮಾತ್ರ ನೋಡಿದವನು "ಇವನು ದೊಡ್ಡ ತಂಡಕ್ಕೆ ಆಗುವವನಲ್ಲ" ಅಂದುಬಿಡುತ್ತಿದ್ದ. ಆ ವರ್ಷ ಯುಕಾನ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಮುಂದಿನ ವರ್ಷವೂ ಆಯಿತು. 2024ರ ಫೈನಲ್ ಫೋರ್‌ನ (ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ನಾಲ್ಕು ತಂಡಗಳ ಹಂತ) ಅತ್ಯುತ್ತಮ ಆಟಗಾರ ಇದೇ ನ್ಯೂಟನ್. ಮೊದಲ ವರ್ಷ ಪಾಯಿಂಟ್ ಬಿಟ್ಟುಕೊಟ್ಟು ಪಾಸ್, ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಡಿಫೆನ್ಸ್‌ನಿಂದ ಜಾಗ ಗಟ್ಟಿ ಮಾಡಿಕೊಂಡರು. ಆಮೇಲೆ ಪಾಯಿಂಟ್ ತಾನಾಗಿ ಬಂತು.

ಅದಕ್ಕೇ ನಾನು ಮೊದಲು ನೋಡುವುದು ಯೂಸೇಜ್. ಹುಡುಗ ಅಂಗಳದಲ್ಲಿದ್ದಾಗ ತಂಡದ ಎಷ್ಟು ಅವಕಾಶಗಳು ಅವನ ಶಾಟ್, ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಅಥವಾ ಚೆಂಡು ಕಳೆದುಕೊಳ್ಳುವ ಟರ್ನೋವರ್‌ನಲ್ಲಿ ಮುಗಿಯುತ್ತವೆ ಎಂಬ ಶೇಕಡಾವಾರು ಅದು. ಐದು ಜನ ಸಮನಾಗಿ ಹಂಚಿಕೊಂಡರೆ ತಲಾ 20. ಸಣ್ಣ ಕಾಲೇಜಿನ ಸ್ಟಾರ್‌ಗೆ ಇದು 30 ದಾಟಿರುತ್ತದೆ. ಅವನನ್ನು ಕರೆಯುವ ದೊಡ್ಡ ತಂಡದಲ್ಲಿ ಆಗಲೇ ಅಂಥ ಇಬ್ಬರಿದ್ದರೆ ಇವನಿಗೆ ಸಿಗುವುದು 17 ಅಥವಾ 18. ರಣಜಿಯಲ್ಲಿ ಸಣ್ಣ ರಾಜ್ಯದ ಓಪನರ್ ಆಗಿದ್ದವನನ್ನು ಐಪಿಎಲ್‌ನಲ್ಲಿ ಏಳನೇ ಕ್ರಮಾಂಕಕ್ಕೆ ಇಳಿಸಿದ ಹಾಗೆ. ಆ ಜಾಗದಲ್ಲಿ ಅವನಿಗೆ ಬೇರೆ ಏನು ಬರುತ್ತದೆ? ಚೆಂಡಿಲ್ಲದಾಗ ಎಲ್ಲಿ ನಿಲ್ಲುತ್ತಾನೆ? ಸುಮ್ನೆ ಸೊಂಟಕ್ಕೆ ಕೈ ಇಟ್ಟು ಮೂಲೆಯಲ್ಲಿ ನಿಲ್ಲುವವನಾದರೆ ವಿಡಿಯೊದಲ್ಲಿ ಎರಡೇ ಪಂದ್ಯಕ್ಕೆ ಗೊತ್ತಾಗಿಬಿಡುತ್ತದೆ.

ಎರಡನೆಯದು ಆ ಪಾಯಿಂಟ್‌ಗಳಿಗೆ ಅವನು ತೆತ್ತ ಬೆಲೆ. ಲೆಕ್ಕ ಸುಲಭ. ಒಬ್ಬ 18 ಶಾಟ್, 6 ಫ್ರೀ ಥ್ರೋ ತೆಗೆದುಕೊಂಡು 20 ಪಾಯಿಂಟ್ ಮಾಡಿದ. ಇನ್ನೊಬ್ಬ 8 ಶಾಟ್, 3 ಫ್ರೀ ಥ್ರೋಗಳಲ್ಲಿ 12 ಮಾಡಿದ. ಟ್ರೂ ಶೂಟಿಂಗ್ ಲೆಕ್ಕದಲ್ಲಿ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಶಾಟ್‌ಗಳಿಗೆ ಕೂಡಿಸಬೇಕು, ಅದನ್ನು ಎರಡರಷ್ಟು ಮಾಡಿ ಪಾಯಿಂಟ್‌ಗಳನ್ನು ಭಾಗಿಸಬೇಕು. ಮೊದಲನೆಯವನದು ಶೇ 48, ಎರಡನೆಯವನದು ಶೇ 64. ಪೇಪರಿನಲ್ಲಿ ಹೆಡ್‌ಲೈನ್ ಮೊದಲನೆಯವನಿಗೆ ಸಿಗುತ್ತದೆ. ನನ್ನ ಫೋನ್ ಹೋಗುವುದು ಎರಡನೆಯವನ ಕೋಚ್‌ಗೆ. ಆದರೆ ಎರಡನೆಯವನು ಬರೀ ಬೇರೆಯವರ ಪಾಸ್ ಮೇಲೆ ಬದುಕುವವನೋ, ತಾನೇ ಶಾಟ್ ಹುಟ್ಟಿಸಬಲ್ಲನೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ವಿಡಿಯೊನೇ ಬೇಕು.

ತಂಡದ ವೇಗವನ್ನೂ ಮರೆಯುವಂತಿಲ್ಲ. ನಿಧಾನಕ್ಕೆ ಆಡುವ ತಂಡಕ್ಕೆ ಪಂದ್ಯದಲ್ಲಿ 60ರ ಆಸುಪಾಸು ಅವಕಾಶ ಸಿಕ್ಕರೆ, ಓಡುವ ತಂಡಕ್ಕೆ 73-74 ಸಿಗುತ್ತದೆ. ಮೊದಲ ತಂಡದ 13 ಪಾಯಿಂಟ್, ಎರಡನೆಯದರ 16ಕ್ಕೆ ಸಮ.

ಈಗ ಜಾಸ್ತಿ ಜನ ಎಡವುವ ಜಾಗ: ತ್ರೀ ಪಾಯಿಂಟ್ ಶೇಕಡಾವಾರು, ಅಂದರೆ ದೂರದ ಗೆರೆಯ ಆಚೆಯಿಂದ ಎಸೆದ ಶಾಟ್‌ಗಳಲ್ಲಿ ಎಷ್ಟು ಬಿದ್ದವು ಎಂಬುದು. ಏಜೆಂಟ್‌ಗಳು ಮೊದಲು ತೋರಿಸುವುದೇ ಇದನ್ನು. "ಸರ್, ನಮ್ಮ ಹುಡುಗ 41 ಪರ್ಸೆಂಟ್ ಶೂಟರ್." ಎಷ್ಟು ಶಾಟ್‌ಗಳಲ್ಲಿ? ನೂರು. ನಿಜಕ್ಕೂ ಶೇ 36ರ ಶೂಟರ್ ಆದವನು ನೂರು ಶಾಟ್ ಹೊಡೆದರೆ ಬರೀ ಅದೃಷ್ಟದ ಏರಿಳಿತದಿಂದಲೇ 31ರಿಂದ 41ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಒಂದು ಸೀಸನ್ ಸಾಲದು. ಹಾಗಾಗಿ ನಾನು ಫ್ರೀ ಥ್ರೋ ನೋಡುತ್ತೇನೆ. ಆ ಗೆರೆ ಎಲ್ಲಾ ಕಾಲೇಜಿನಲ್ಲೂ 15 ಅಡಿ ದೂರವೇ, ರಿಂಗ್ 10 ಅಡಿ ಎತ್ತರವೇ. ಎದುರಿಗೆ ಕೈ ಎತ್ತಿ ನಿಲ್ಲುವವರಿಲ್ಲ. ಸಣ್ಣ ಕಾನ್ಫರೆನ್ಸ್, ದೊಡ್ಡ ಕಾನ್ಫರೆನ್ಸ್ ಎಂಬ ಭೇದ ಕಾಣದ ಒಂದೇ ಅಂಕಿ ಇದು.

ವಾಲ್ಟರ್ ಕ್ಲೇಟನ್ ಜೂನಿಯರ್ ಅವರನ್ನೇ ನೋಡಿ. ನ್ಯೂಯಾರ್ಕ್ ಪಕ್ಕದ ಅಯೋನಾ ಎಂಬ ಕಾಲೇಜಿನಲ್ಲಿ ಎರಡು ವರ್ಷ ಆಡಿದರು. ಎರಡನೇ ವರ್ಷ ಫ್ರೀ ಥ್ರೋ ಶೇ 95ಕ್ಕಿಂತ ಮೇಲಿತ್ತು. 2023ರಲ್ಲಿ ಫ್ಲೋರಿಡಾಗೆ ಹೋದರು. ಅಲ್ಲಿ ಸರಾಸರಿ ಇಳಿಯುವ ಬದಲು 16.8ರಿಂದ 17.6ಕ್ಕೆ ಏರಿತು. 2025ರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಆಬರ್ನ್ ವಿರುದ್ಧ 34 ಹೊಡೆದರು. ಹ್ಯೂಸ್ಟನ್ ವಿರುದ್ಧದ ಫೈನಲ್‌ನ ಮೊದಲ ಅರ್ಧದಲ್ಲಿ ಸೊನ್ನೆ, ಕೊನೆಗೆ 11. ಫ್ಲೋರಿಡಾ 65-63ರಲ್ಲಿ ಗೆದ್ದಿತು. ಆ ತಂಡದ ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಬಂದವರು. ಮೂರು ಮುಖ್ಯ ಗಾರ್ಡ್‌ಗಳೂ (ಚೆಂಡು ನಡೆಸುವ ಆಟಗಾರರು) ಬೇರೆ ಬೇರೆ ಸಣ್ಣ ತಂಡಗಳಿಂದ ಬಂದವರೇ. ಆಯ್ಕೆ ಮಾಡಿದವರಿಗೆ ಕಣ್ಣಿತ್ತು ಅನ್ನಬೇಕು.

ತದ್ವಿರುದ್ಧವಾದದ್ದೂ ಇದೆ. ಬೇಲರ್‌ನ ಡೇವಿಯನ್ ಮಿಚೆಲ್ 2020-21ರಲ್ಲಿ ತ್ರೀ ಪಾಯಿಂಟ್‌ಗಳನ್ನು ಶೇ 44.7ರಂತೆ ಹಾಕಿದರು, ತಂಡ ಚಾಂಪಿಯನ್ ಆಯಿತು. ಅದೇ ವರ್ಷ ಅವರ ಫ್ರೀ ಥ್ರೋ ಶೇ 64. ಮರುವರ್ಷ ವೃತ್ತಿಪರರ ಲೀಗ್ ಎನ್‌ಬಿಎಗೆ ಹೋದಾಗ ತ್ರೀ ಪಾಯಿಂಟ್ ಶೇ 32ರ ಹತ್ತಿರಕ್ಕೆ ಇಳಿಯಿತು. ಹಾಗಂತ ಅವರನ್ನು ತೆಗೆದುಕೊಂಡದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. ಅವರ ಡಿಫೆನ್ಸ್ ನಿಜವಾದ ಸರಕು, ಅದು ಹೋದಲ್ಲೆಲ್ಲಾ ಜೊತೆಗೇ ಹೋಯಿತು. ಶೂಟಿಂಗ್‌ಗೆ ಮಾತ್ರ ಒಂದು ವರ್ಷದ ಅಂಕಿ ನೋಡಿ ಬೆಲೆ ಕಟ್ಟಬಾರದಿತ್ತು.

ಇದೇ ಮಿಚೆಲ್ ಇನ್ನೊಂದು ಗುಂಪಿಗೂ ಉದಾಹರಣೆ. ದೊಡ್ಡ ಕಾಲೇಜಿನ ಬೆಂಚಿನಿಂದ ಎದ್ದು ಬರುವವರ ಗುಂಪು. ಆಬರ್ನ್‌ನಲ್ಲಿ ಮೊದಲ ವರ್ಷ ಅವರಿಗೆ ಪಂದ್ಯಕ್ಕೆ ನಾಲ್ಕು ಪಾಯಿಂಟ್ ಕೂಡ ಇರಲಿಲ್ಲ. ಜಾನಿ ಜೂಜಾಂಗ್ ಕೆಂಟಕಿಯಲ್ಲಿ 2.9 ಪಾಯಿಂಟ್‌ನ ಹುಡುಗ. ಮರುವರ್ಷ ಯುಸಿಎಲ್‌ಎ ಸೇರಿ 16 ಹೊಡೆದು ತಂಡವನ್ನು 2021ರ ಫೈನಲ್ ಫೋರ್‌ಗೆ ಕರೆದೊಯ್ದರು. ಇಂಥವರ ವಿಷಯದಲ್ಲಿ ಅಂಕಿಗಳಿಂದ ಹೆಚ್ಚೇನೂ ಸಿಗುವುದಿಲ್ಲ, ಇರುವುದೇ ನಾಲ್ಕು ಅಂಕಿ. ಯಾಕೆ ಆಡಿಸಲಿಲ್ಲ ಎಂಬುದು ಮುಖ್ಯ. ಮುಂದೆ ಇಬ್ಬರು ಎನ್‌ಬಿಎ ಮಟ್ಟದ ಸೀನಿಯರ್‌ಗಳಿದ್ದರೆ ಬೆಂಚಿನಲ್ಲಿ ಕೂತದ್ದು ಕಳಂಕವಲ್ಲ. ಡಿಫೆನ್ಸ್ ಗೊತ್ತಿಲ್ಲದೆ ಕೂತಿದ್ದರೆ ಹೊಸ ಕಾಲೇಜಿನಲ್ಲೂ ಅದೇ ಬೆಂಚು. ಹೈಸ್ಕೂಲ್ ದಿನಗಳ ರ‍್ಯಾಂಕಿಂಗ್ ಹಿಡಿದುಕೊಂಡು ಬೆಲೆ ಕೇಳುವವರಿಗೆ ನಾನು ಹೆಚ್ಚು ಕಿವಿಗೊಡುವುದಿಲ್ಲ.

ಇನ್ನು ಡಾಲ್ಟನ್ ಕನೆಕ್ಟ್. ಕೊಲೊರಾಡೊದ ಎರಡು ವರ್ಷದ ಜೂನಿಯರ್ ಕಾಲೇಜು, ಆಮೇಲೆ ನಾರ್ದರ್ನ್ ಕೊಲೊರಾಡೊದಲ್ಲಿ ಎರಡು ವರ್ಷ. ಅದು ಬಿಗ್ ಸ್ಕೈ ಎಂಬ ಕಾನ್ಫರೆನ್ಸ್‌ನ ತಂಡ. (ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಆಡಿದ ನಾರ್ದರ್ನ್ ಅರಿಜೋನಾ ಕೂಡ ಇದೇ ಕಾನ್ಫರೆನ್ಸ್‌ನದು.) ನಾರ್ದರ್ನ್ ಕೊಲೊರಾಡೊದಲ್ಲಿ ಎರಡನೇ ವರ್ಷ ಕನೆಕ್ಟ್ ಪಂದ್ಯಕ್ಕೆ 20.2 ಹೊಡೆಯುತ್ತಿದ್ದರು, ತಂಡ ಮಾತ್ರ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. 2023ರಲ್ಲಿ ಟೆನೆಸಿಗೆ ಬಂದರು. ದೇಶದ ಅತಿ ಕಠಿಣ ಕಾನ್ಫರೆನ್ಸ್‌ಗಳಲ್ಲಿ ಒಂದರಲ್ಲಿ ಸರಾಸರಿ 21.7 ಆಯಿತು. ಆ ಕಾನ್ಫರೆನ್ಸ್‌ನ ವರ್ಷದ ಆಟಗಾರ ಎನಿಸಿಕೊಂಡರು, 2024ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಕಾರ್ಯಕ್ರಮ) 17ನೆಯವರಾಗಿ ಲೇಕರ್ಸ್ ಸೇರಿದರು.

ಕನೆಕ್ಟ್ ಕಥೆ ಕೇಳಿ ಪ್ರತಿ ಕೋಚ್‌ಗೂ ಈಗ ಒಬ್ಬ ಕನೆಕ್ಟ್ ಬೇಕು. ಸೋಲುವ ತಂಡದ 20 ಪಾಯಿಂಟ್ ಹುಡುಗರು ವರ್ಷಕ್ಕೆ ಹಲವರು ಸಿಗುತ್ತಾರೆ, ಎಲ್ಲರೂ ಕನೆಕ್ಟ್ ಆಗುವುದಿಲ್ಲ. ನಾನು ಅಂಥವನನ್ನು ಸೋಸುವುದು 'ಬೈ ಗೇಮ್'ಗಳಲ್ಲಿ. ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ಕಾಲೇಜುಗಳು ದುಡ್ಡು ಕೊಟ್ಟು ಸಣ್ಣ ತಂಡಗಳನ್ನು ತಮ್ಮ ಅಂಗಳಕ್ಕೆ ಕರೆಸಿಕೊಳ್ಳುತ್ತವೆ. ಸಣ್ಣ ತಂಡ 30 ಪಾಯಿಂಟ್‌ಗಳಿಂದ ಸೋತು ಚೆಕ್ ಜೇಬಿಗಿಟ್ಟು ಮನೆಗೆ ಹೋಗುತ್ತದೆ. ಜನ ಆ ಪಂದ್ಯ ಮರೆಯುತ್ತಾರೆ. ನನಗೆ ಅದೇ ಬೇಕು. ಅಲ್ಲಿ ಅವನನ್ನು ಕಾಯಲು ನಿಂತವನು ಮುಂದೆ ಇವನು ಪ್ರತಿ ವಾರ ಎದುರಿಸಬೇಕಾದ ಗಾತ್ರದವನು. ಶಾಟ್ ಒಳಗೆ ಹೋಯಿತೋ ಇಲ್ಲವೋ ಎಂಬುದು ಮೂರು ಪಂದ್ಯದಲ್ಲಿ ಏನೂ ಹೇಳದು. ಮೊದಲ ಹೆಜ್ಜೆಗೆ ಡಿಫೆಂಡರ್ ಹಿಂದೆ ಬಿದ್ದನೇ, ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಲ್ಲುವ ಬಾಲ್ ಸ್ಕ್ರೀನ್‌ನಲ್ಲಿ ದೊಡ್ಡ ಹುಡುಗ ಎದುರು ಬಂದಾಗ ಇವನ ತಲೆ ಮೇಲಿತ್ತೇ ಕೆಳಗಿತ್ತೇ, 20 ಪಾಯಿಂಟ್ ಹಿಂದಿದ್ದಾಗಲೂ ಡಿಫೆನ್ಸ್‌ಗೆ ಓಡಿ ಬಂದನೇ, ಇಷ್ಟು ನೋಡುತ್ತೇನೆ. ಸ್ಟೀಲ್, ಬ್ಲಾಕ್, ಆಫೆನ್ಸಿವ್ ರಿಬೌಂಡ್ ಈ ಪಂದ್ಯಗಳಲ್ಲೂ ಬರುತ್ತಿದ್ದರೆ ಮೈಕಟ್ಟು ಸಾಕು ಅಂತ ಅರ್ಥ.

ವಯಸ್ಸನ್ನೂ ಜೊತೆಗೆ ಬರೆದಿಡುತ್ತೇನೆ. ಕೊರೊನಾ ಕಾಲದ ಸೀಸನ್ ಲೆಕ್ಕಕ್ಕಿಲ್ಲ ಎಂದು ಹೆಚ್ಚುವರಿ ವರ್ಷ ಕೊಟ್ಟಾಗಿನಿಂದ 23, 24 ವಯಸ್ಸಿನವರು ಕಾಲೇಜು ಅಂಗಳದಲ್ಲಿ ಮಾಮೂಲಾದರು. 23ರವನು 19ರವರನ್ನು ತಳ್ಳಿ ಹಾಕಿದ 18 ಪಾಯಿಂಟ್ ಬೇರೆ, 19ರವನೇ ಹಾಕಿದ 12 ಬೇರೆ. ಈ ವರ್ಷವೇ ಗೆಲ್ಲಬೇಕಾದ ಕೋಚ್‌ಗೆ ಮೊದಲನೆಯವನು ಸರಿ. ಆದರೆ ಅವನ ಮುಂದೆ 'ಪ್ರತಿಭೆ ಇನ್ನೂ ಬೆಳೆಯುತ್ತದೆ' ಅಂತ ಬರೆಯಲು ನನ್ನ ಕೈ ಬರುವುದಿಲ್ಲ.

ಕೆಲವೊಮ್ಮೆ ಹುಡುಗನ ಜೊತೆ ಅವನ ಕೋಚೂ ಹೋಗುತ್ತಾರೆ. ಆಗ ನನ್ನ ಲೆಕ್ಕವೆಲ್ಲಾ ತಲೆಕೆಳಗು. ಬೆನ್ ಮೆಕಾಲಮ್ ಡಿವಿಷನ್ 2ರ ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದವರು. 2024ರಲ್ಲಿ ಡ್ರೇಕ್‌ಗೆ ಹೋಗುವಾಗ ತಮ್ಮ ನಾಲ್ವರು ಆಟಗಾರರನ್ನೂ ಕರೆದುಕೊಂಡು ಹೋದರು. ಡಿವಿಷನ್ 2ರ ಹುಡುಗರು ಇಲ್ಲೇನು ಮಾಡುತ್ತಾರೆ ಎಂಬುದು ಸಹಜ ಪ್ರಶ್ನೆಯೇ. ದೇಶದಲ್ಲೇ ಅತಿ ನಿಧಾನದ ಆಟ ಆಡಿ 31 ಪಂದ್ಯ ಗೆದ್ದರು, ನಾಲ್ಕೇ ಸೋತರು. ರಾಷ್ಟ್ರೀಯ (ಎನ್‌ಸಿಎಎ) ಟೂರ್ನಿಯಲ್ಲಿ ದೊಡ್ಡ ಕಾನ್ಫರೆನ್ಸ್‌ನ ಮಿಸೌರಿಯನ್ನೂ ಸೋಲಿಸಿದರು. ಆ ನಾಲ್ವರಲ್ಲಿ ಒಬ್ಬರಾದ ಬೆನೆಟ್ ಸ್ಟರ್ಟ್ಜ್ ಕಾನ್ಫರೆನ್ಸ್‌ನ ಶ್ರೇಷ್ಠ ಆಟಗಾರರಾದರು. ಅವರ ಆಟದ ಪದ್ಧತಿ, ಪಾತ್ರ, ಜೊತೆಗಾರರು ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಎದುರಾಳಿ ಮಾತ್ರ. ಅಂಥ ಕಡೆ ಅಂಕಿ ಅಷ್ಟಾಗಿ ಕುಸಿಯುವುದಿಲ್ಲ ಎಂದು ಈಗ ನಾನು ಬೇರೆಯೇ ಅಂದಾಜು ಹಾಕುತ್ತೇನೆ.

ಕೊನೆಗೆ ಫೋನ್. ಹಳೆಯ ಕೋಚ್ ಹೇಳುವುದನ್ನು ಅರ್ಧ ನಂಬುತ್ತೇನೆ, ಬಿಟ್ಟುಹೋದವನ ಮೇಲೆ ಸಿಟ್ಟಿರುತ್ತದೆ. ತಂಡದ ಟ್ರೇನರ್, ಹೈಸ್ಕೂಲ್ ಕೋಚ್ ಇವರ ಮಾತು ಉಪಯೋಗಕ್ಕೆ ಬರುತ್ತದೆ. ಬೆಳಗಿನ ಪ್ರಾಕ್ಟೀಸ್‌ಗೆ ಎಷ್ಟು ಹೊತ್ತಿಗೆ ಬರುತ್ತಾನೆ, ಮೂರು ಪಂದ್ಯ ಬೆಂಚಿನಲ್ಲಿ ಕೂರಿಸಿದಾಗ ಏನು ಮಾಡಿದ, ಯಾವ ಮಂಡಿ ನೋಯುತ್ತದೆ ಅಂತ ಕೇಳುತ್ತೇನೆ. ಹೇಗಿದ್ದಾನೆ ಎಂದು ಕೇಳಿದರೆ ಎಲ್ಲರೂ ಒಳ್ಳೆ ಹುಡುಗ ಅಂತಲೇ ಅನ್ನುತ್ತಾರೆ.

ಇಷ್ಟಾದ ಮೇಲೆ ವರದಿಯಲ್ಲಿ ನಾನು ಒಂದೇ ಸಂಖ್ಯೆ ಬರೆಯುವುದಿಲ್ಲ. 22 ನಿಮಿಷದ ಆಟ, 9ರಿಂದ 13 ಪಾಯಿಂಟ್, ಎದುರಾಳಿಯ ಎರಡನೇ ಒಳ್ಳೆಯ ಗಾರ್ಡ್‌ನನ್ನು ಕಾಯಬಲ್ಲ, ಹೀಗೆ ಬರೆಯುತ್ತೇನೆ. ಏಜೆಂಟ್ ಅದೇ ಹುಡುಗನಿಗೆ 17 ಪಾಯಿಂಟ್‌ನ ಬೆಲೆ ಕೇಳಿರುತ್ತಾನೆ. ಕೋಚ್ ನನ್ನ ಹಾಳೆಯಲ್ಲಿ ಆ 13ರ ಕೆಳಗೆ ಗೆರೆ ಎಳೆದು, "ಇದನ್ನ ಸ್ವಲ್ಪ ಮೇಲೆ ಮಾಡೋಕಾಗುತ್ತಾ?" ಅನ್ನುತ್ತಾರೆ. ಆಗಲ್ಲ ಸರ್ ಅಂತೀನಿ. ಎರಡು ದಿನದಲ್ಲಿ ಅವರು ಹೇಗೂ ಸಹಿ ಮಾಡಿಸಿಕೊಳ್ಳುತ್ತಾರೆ.