ಕಾಮಾಲೆ ಬಂದ ಹುಡುಗನನ್ನು ಯಾರೂ ಕೇಳದ ಪ್ರಶ್ನೆ

"ಡಾಕ್ಟ್ರೇ, ಹುಡುಗಗ ಕಾಮಾಣಿ ಆಗೇತ್ರಿ. ನಾಟಿ ಔಷಧ ಕುಡಿಸೇವಿ, ಇಳೀವಲ್ದು."

ಹುಬ್ಬಳ್ಳಿಯ ಡಾಕ್ಟರಿಗೆ ಇದು ಹೊಸ ಮಾತಲ್ಲ. ಹೆಚ್ಚಿನ ಸಲ ಕಾರಣ ಹೊಲಸು ನೀರು, ಅಂದರೆ ಹೆಪಟೈಟಿಸ್ ಎ ಅಥವಾ ಇ. ಆದರೆ ವೈರಸ್ ಪರೀಕ್ಷೆ ಎಲ್ಲಾ ನೆಗೆಟಿವ್ ಬಂದು, ಲಿವರ್ ಪರೀಕ್ಷೆಯಲ್ಲಿ 40ರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ ಸಾವಿರ ದಾಟಿದ್ದರೆ? ಮನೆಯವರು "ಕುಡಿಯಂಗಿಲ್ರಿ, ಬೀಡಿ ಸುದ್ದಾ ಮುಟ್ಟಂಗಿಲ್ಲ" ಅನ್ನುತ್ತಾರೆ. ಅದು ಸುಳ್ಳೇನಲ್ಲ. ಪೇಂಟಿಗೆ ಕಲಸುವ ಥಿನ್ನರ್ ಮೂಸುವುದೂ ನಶೆ ಅಂತ ಅವರಿಗೆ ಹೊಳೆದಿರುವುದಿಲ್ಲ, ಡಾಕ್ಟರಾದ ನಾವೂ ಕೇಳಿರುವುದಿಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ. ಅವ್ವನನ್ನು ಸ್ವಲ್ಪ ಹೊರಗೆ ಕೂರಿಸಬೇಕು. "ಏನಾರ ಚಟ ಐತೇನು?" ಅಂದರೆ ಯಾವ ಹುಡುಗನೂ ಹೌದು ಅನ್ನುವುದಿಲ್ಲ. "ತಮ್ಮಾ, ಪಂಚರ್ ಸಲೂಷನ್ ಮೂಸ್ತೀ ಏನು? ಥಿನ್ನರ್? ವೈಟ್ನರ್?" ಅಂತ ಒಂದೊಂದೇ ಹೆಸರು ಹೇಳಿ ಕೇಳಿದರೆ ತಲೆ ತಗ್ಗಿಸುತ್ತಾನೆ. ಬಾಯಿ, ಮೂಗಿನ ಸುತ್ತ ಒಣಗಿ ಕೆಂಪಾದ ಗುಳ್ಳೆಗಳಿರಬಹುದು. ಅಂಗಿಯ ತೋಳು ಪೇಂಟ್ ವಾಸನೆ ಹೊಡೆಯುತ್ತಿರಬಹುದು.

ಇದು ಮಕ್ಕಳ ನಶೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳು, ಹದಿಹರೆಯದವರೇ ಜಾಸ್ತಿ ಬಳಸುವ ನಶೆ ಇದೊಂದೇ: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಬಾಟಲಿ ವೈಟ್ನರ್ ಮಾರಾಟಕ್ಕೆ 2012ರಲ್ಲೇ ಕೇಂದ್ರ ಸರ್ಕಾರ ತಡೆ ಹಾಕಿತು. ಪೇಂಟ್ ಥಿನ್ನರ್, ಪಂಚರ್ ಸಲೂಷನ್ ಮಾತ್ರ ಕೈಗೆಟುಕುವಂತೆ ಅಂಗಡಿಯಲ್ಲೇ ಇರುತ್ತವೆ.

ಈಗ ಲಿವರ್ ವಿಷಯ. ಥಿನ್ನರಿನಂಥ ದ್ರಾವಕಗಳು (ಬೇರೆ ವಸ್ತುವನ್ನು ಕರಗಿಸುವ ದ್ರವಗಳು) ಎಲ್ಲವೂ ಒಂದೇ ರೀತಿ ಸುಡುವುದಿಲ್ಲ. ಥಿನ್ನರಿನಲ್ಲಿ ಹೆಚ್ಚಾಗಿ ಇರುವ ಟಾಲ್ಯೂಯಿನ್ ಲಿವರಿಗಿಂತ ಮಿದುಳು, ಕಿಡ್ನಿಗೆ ಹೆಚ್ಚು ಕೆಟ್ಟದ್ದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕಾಲು ಸೋತು ಬಿದ್ದವರಿದ್ದಾರೆ. ಲಿವರಿಗೆ ನಿಜವಾದ ವೈರಿ ಕ್ಲೋರಿನ್ ಇರುವ ದ್ರಾವಕಗಳು: ಹಿಂದೆ ಡ್ರೈಕ್ಲೀನಿಂಗ್‌ಗೆ ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್, ಲೋಹದ ಗ್ರೀಸ್ ತೆಗೆಯುವ ಟ್ರೈಕ್ಲೋರೋಎಥಿಲೀನ್. ತಮಾಷೆ ಏನು ಗೊತ್ತಾ? ಕಾರ್ಬನ್ ಟೆಟ್ರಾಕ್ಲೋರೈಡನ್ನು ಘೋರ ವಿಷ ಮಾಡುವುದು ಲಿವರಿನದೇ ಒಂದು ಕಿಣ್ವ. ಅದನ್ನು ಒಡೆದು ಹೊರಹಾಕಲು ಹೋಗಿ, ಪಕ್ಕದ ಜೀವಕೋಶಗಳನ್ನೇ ಸುಡುವ ತುಣುಕು ಹುಟ್ಟಿಸುತ್ತದೆ. ದಿನಾ ಕುಡಿಯುವವರಲ್ಲಿ ಈ ಕಿಣ್ವ ಜಾಸ್ತಿಯಾಗಿರುತ್ತದೆ. ಅದಕ್ಕೇ ಕುಡಿತ, ಮೂಸುವುದು ಎರಡೂ ಸೇರಿದರೆ ಹಾನಿ ಕೂಡುವುದಲ್ಲ, ಗುಣಿಸುತ್ತದೆ. ಇನ್ನು ಡಬ್ಬದಲ್ಲಿ ಏನೇನಿದೆ ಅಂತ ಎಷ್ಟೋ ಸಲ ಮಾರುವವನಿಗೇ ಗೊತ್ತಿರುವುದಿಲ್ಲ. ಖಾಲಿ ಡಬ್ಬ ಸಿಕ್ಕರೆ ಎಸೆಯಬೇಡಿ, ಆಸ್ಪತ್ರೆಗೆ ತನ್ನಿ. ಕಾರ್ಬನ್ ಟೆಟ್ರಾಕ್ಲೋರೈಡ್ ಅಂತ ಬೇಗ ಗೊತ್ತಾದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಕೊಡಬಹುದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಕಣ್ಣು ಹಳದಿಯಾದ ಹುಡುಗ ಮಂಕಾಗಿ ಕೂತಿದ್ದಾನೆ, ಏನೋ ತೊದಲುತ್ತಾನೆ, ರಾತ್ರಿ ಎದ್ದಿದ್ದು ಹಗಲು ಮಲಗುತ್ತಾನೆ. "ನಶೆ ಇಳಿದಿಲ್ಲ, ಮಲಗಲಿ ಬಿಡ್ರಿ" ಅಂತಾರೆ ಮನೆಯವರು. ಮೂಸಿದ ನಶೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ದಿನಗಟ್ಟಲೆ ನಿಲ್ಲುವುದಿಲ್ಲ. ಹಳದಿ ಕಣ್ಣಿನ ಜೊತೆ ಮಂಕು ಇದ್ದರೆ ಅದು ಲಿವರ್ ಸೋಲುತ್ತಿರುವ ಲಕ್ಷಣ. ಒಸಡಿನಲ್ಲಿ ರಕ್ತ, ರಕ್ತ ಪರೀಕ್ಷೆಯಲ್ಲಿ ಐಎನ್ಆರ್ (ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಸಂಖ್ಯೆ) ಏರಿಕೆ ಕಂಡರೆ ಗದಗ, ಹಾವೇರಿಯ ಊರುಗಳಲ್ಲಿ ಬೆಳಗಾಗಲಿ ಅಂತ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಬನ್ನಿ. ಜ್ವರ ಇದೆ ಅಂತ ಸುಮ್ನೆ ಪ್ಯಾರಾಸಿಟಮಾಲ್ ಕೊಡುತ್ತಾ ಹೋಗಬೇಡಿ. ನಾಟಿ ಔಷಧವೂ ಬೇಡ.

ಇನ್ನೊಂದು: ಮೂಸುತ್ತಾ ಸಿಕ್ಕಿಬಿದ್ದ ಹುಡುಗನನ್ನು ಕೂಗಿ ಹೆದರಿಸಿ ಓಡಿಸಬೇಡಿ. ಆ ಹೊತ್ತಿಗೆ ಹೃದಯ ಗಾಬರಿಯಾದಾಗ ಏರುವ ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮವಾಗಿರುತ್ತದೆ. ಗಾಬರಿಯಿಂದ ಓಡುವಾಗಲೇ ಬಡಿತ ತಪ್ಪಿ ಸತ್ತ ಉದಾಹರಣೆಗಳಿವೆ. ಮೆಲ್ಲಗೆ ಗಾಳಿ ಇರುವ ಕಡೆ ಕೂರಿಸಿ.

ನಿಲ್ಲಿಸಿದರೆ ಲಿವರ್ ಬಹಳ ಸಲ ತಾನೇ ಸುಧಾರಿಸುತ್ತದೆ, ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ನಿಲ್ಲಿಸುವುದೇ ಕಷ್ಟ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹುಡುಗ ಪೇಂಟಿಂಗ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರೆ ಮೊದಲು ಆ ಕೆಲಸ ಬಿಡಿಸಿ, ಇಲ್ಲದಿದ್ದರೆ ನಾವು ಇತ್ತ ಚಿಕಿತ್ಸೆ ಕೊಡುತ್ತಿರುತ್ತೇವೆ, ಅತ್ತ ಅವನು ಅದೇ ಥಿನ್ನರ್ ಕಲಸುತ್ತಿರುತ್ತಾನೆ.